ಅಜ್ಜಿಯ ಹೂಂ

ಮೂವತ್ತರ ದಶಕದ ಮಾತು. ಮೈಸೂರಿನ ನಮ್ಮ ಕಾಲೇಜಿನಲ್ಲಿ ಮೇಷ್ಟರೊಬ್ಬರು ಸಣ್ಣದೊಂದು ರೇಡಿಯೋ ನಿಲಯ ನಡೆಸುತ್ತಿದ್ದರು. ಮಾತಾಡುವವರೆಲ್ಲ ವಿದ್ಯಾರ್ಥಿಗಳೇ. ಗೋಡೆಗೆಲ್ಲ ಕಂಬಳಿ ಹೊದಿಸಿದ ಕೋಣೆ, ಮೇಜಿನ ಮೇಲೊಂದು ಮೈಕು, ಎದುರಿಗೆ ಯಾರೂ ಇಲ್ಲ. ನನ್ನ ಪಾಲಿಗೆ ಬಂದದ್ದು ವಾರಕ್ಕೊಂದು ಸಂಜೆ ಕಥೆ ಹೇಳುವ ಕೆಲಸ. ನನಗೆ ಗೊತ್ತಿದ್ದದ್ದು ಅಜ್ಜಿಯ ಕಥೆಗಳು ಮಾತ್ರ.

ತಾಯಿಯಿಲ್ಲದ ನನ್ನನ್ನು ಮದ್ದೂರಿನ ಹತ್ತಿರದ ವೈದ್ಯನಾಥಪುರದಲ್ಲಿ ಸಾಕಿದವಳು ಅಜ್ಜಿ. ಅವಳು ಕಥೆ ಹೇಳಿದರೆ ಕೇಳುವವರು ಮಾತುಮಾತಿಗೂ ಹೂಂಗುಟ್ಟಲೇಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ರಾಜಕುಮಾರ ಮರದ ಮೇಲಿದ್ದರೆ ಬೆಳಗಿನ ತನಕ ಮರದ ಮೇಲೇ. ನಾನು ಕಾಲೇಜು ಸೇರುವ ಹೊತ್ತಿಗೆ ಅವಳಿಗೆ ಕಣ್ಣು ಪೂರ್ತಿ ಹೋಗಿತ್ತು. ನನ್ನ ದನಿಯನ್ನಾದರೂ ಕೇಳಬೇಕೆಂದು ಹಟ ಹಿಡಿದು, ಮಾವನ ಗಾಡಿಯಲ್ಲಿ ಮದ್ದೂರಿಗೆ ಹೋಗಿ, ರೇಡಿಯೋ ಇದ್ದ ಡಾಕ್ಟರ ಮನೆಯ ಜಗಲಿಯಲ್ಲಿ ಕೂತಳಂತೆ.

ಮೊದಲ ಸಲ ನಾನು ಅಭ್ಯಾಸಬಲದಿಂದ ಪ್ರತಿ ಮಾತಿನ ಕೊನೆಗೂ ಒಂದು ಹೂಂಗಾಗಿ ಕಾದೆ. ಹೀಗೆ ನಡುನಡುವೆ ಸುಮ್ಮನಾದರೆ ನಿಲಯವೇ ಕೆಟ್ಟಿತೆಂದು ಜನ ತಿಳಿಯುತ್ತಾರೆ ಎಂದರು ಮೇಷ್ಟರು. ನನಗೆ ಮುಖ ಎತ್ತಲಾಗಲಿಲ್ಲ. ಮುಂದಿನ ವಾರ ಉಸಿರು ಬಿಡದೆ ಹೇಳಿ ಮುಗಿಸಿದೆ. ಮೇಷ್ಟರು ಶಭಾಷ್ ಅಂದರು.

ಮಾವನ ಕಾಗದ ಬಂದದ್ದು ಆಮೇಲೆ. ಮೊದಲ ವಾರ ನಾನು ನಿಲ್ಲಿಸಿದಲ್ಲೆಲ್ಲ ಅಜ್ಜಿ ಹೂಂ ಅಂದಳಂತೆ. ಅದನ್ನು ಕೇಳಿ ನಗುತ್ತಿದ್ದ ಜಗಲಿಯ ಜನ ಕೊನೆಕೊನೆಗೆ ನಗುವುದನ್ನೇ ಬಿಟ್ಟರಂತೆ. ಎರಡನೆಯ ವಾರ ಬಾಯಿ ತೆರೆಯಲೂ ಎಡೆ ಸಿಗದೆ, ಕಥೆ ಅರ್ಧದಲ್ಲಿರುವಾಗಲೇ ಎದ್ದು ಗಾಡಿ ಕಟ್ಟಲು ಹೇಳಿದಳಂತೆ.

ರಜೆಗೆ ಊರಿಗೆ ಹೋದಾಗ ಅವಳು ಎಂದಿನಂತೆ ನನ್ನ ತಲೆ ಸವರಲಿಲ್ಲ.

“ನನ್ ಹೂಂ ನಿಂಗೆ ಬ್ಯಾಡಾಯ್ತು ಅಲ್ವೇನ್ಲಾ?” ಎಂದಳು.

ನನಗೋ ಓದಿದ ಜಂಭ. ರೇಡಿಯೋದಲ್ಲಿ ಮಾತು ಒಂದೇ ಕಡೆಗೆ ಹೋಗುತ್ತದೆ, ಅವಳು ಮದ್ದೂರಿನಲ್ಲಿ ಅಂದದ್ದು ಮೈಸೂರಿಗೆ ಕೇಳಿಸುವುದೇ ಇಲ್ಲ ಎಂದು ಪಾಠ ಒಪ್ಪಿಸಿಬಿಟ್ಟೆ. ಅವಳ ಮುಖ ಇಳಿದುಹೋಯಿತು. ಮೊದಲ ವಾರ ತಾನು ನನ್ನೊಡನೆ ಮಾತಾಡಿದೆನೆಂದೇ ಅವಳು ಅಷ್ಟೂ ದಿನ ನಂಬಿದ್ದಳು. ಆ ಪಾಠವನ್ನು ನುಂಗಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಈಗಲೂ ನನ್ನ ಮೇಲೆ ನನಗೇ ಸಿಟ್ಟು.

ಕೊನೆಗೆ ಅಜ್ಜಿ ಕೇಳಿದಳು: “ಕೇಳ್ಸಕ್ಕಿಲ್ಲ ಅಂದ್ರೆ, ಮೊದುಲ್ನೇ ದಿನ ಯಾಕ್ಲಾ ನಿಲ್ಲುಸ್ತಿದ್ದೆ?”

“ನೀನು ಹೂಂ ಅಂತೀಯ ಅಂತ ಕಾಯ್ತಿದ್ದೆ ಕಣಜ್ಜಿ.”

ಅವಳು ಕೈ ಚಾಚಿ, ತಡಕಾಡಿ, ನನ್ನ ತಲೆಯನ್ನು ಹುಡುಕಿಕೊಂಡಳು. ಆಮೇಲೆ ಹೂಂ ಅಂದಳು.