ಕ್ಯಾಂಟೀನಿನವರ ಚಟ್ನಿ ಸೌಟು

ಇವತ್ತು ಬೆಳಿಗ್ಗೆ ಅನ್ನದ ಪಾತ್ರೆಗೆ ಸೌಟು ಹಾಕಿ ಎತ್ತಿದರೆ ಹಿಡಿ ಮಾತ್ರ ಕೈಗೆ ಬಂತು, ಬಟ್ಟಲು ಅನ್ನದಲ್ಲೇ ಕೂತಿತ್ತು. ಎರಡು ರಿವಿಟ್‌ಗಳಲ್ಲಿ ಒಂದು ಯಾವತ್ತೋ ಬಿದ್ದುಹೋಗಿತ್ತು, ಇನ್ನೊಂದು ಇವತ್ತು ಕೈಕೊಟ್ಟಿತು. ಎರಡು ತುಂಡನ್ನೂ ತೊಳೆದು ಸೆರಗಿನಲ್ಲಿ ಒರೆಸಿ ಕೋಟೆ ರಸ್ತೆಯ ಪಾತ್ರೆ ಅಂಗಡಿಗೆ ತಗೊಂಡು ಹೋದೆ. ಅಂಗಡಿಯವನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಎಸೆದು ಹೊಸದು ತಗೊಳ್ಳಿ ಅಕ್ಕ ಅಂದ. ಹೊಸ ಸೌಟುಗಳ ಗೊಂಚಲು ಅವನ ತಲೆಯ ಮೇಲೇ ನೇತಾಡುತ್ತಿತ್ತು, ಹಾಗೆ ಹೇಳದೆ ಇನ್ನೇನು ಹೇಳುತ್ತಾನೆ. ರಿವಿಟ್ ಹೊಡೆದು ಮುಗಿಸುವವರೆಗೂ ಅಲ್ಲೇ ನಿಂತಿದ್ದೆ. ಹಳೇ ಸೌಟನ್ನು ಯಾರಾದರೂ ಅದಲುಬದಲು ಮಾಡುತ್ತಾರಾ ಅಂತ ನೀವು ನಗಬಹುದು. ಮಾಡುವುದಿಲ್ಲ ಅಂತ ನೀವು ಬರೆದುಕೊಡುತ್ತೀರಾ?

ನಾನು ಇರುವುದೇ ಹೀಗೆ. ಜಮೀನು, ಸೈಟುಗಳ ಕ್ರಯಪತ್ರ ಬರೆಯುವವರೊಬ್ಬರ ಹತ್ತಿರ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಣ್ಣನ ಸಹಿಯನ್ನು ತಮ್ಮ ಹಾಕಿದ್ದನ್ನೂ, ಸತ್ತವರ ಹೆಬ್ಬೆಟ್ಟು ಬದುಕಿದ್ದನ್ನೂ ನೋಡಿದ್ದೇನೆ. ಯಾರಾದರೂ ಪುಕ್ಕಟೆ ಒಳ್ಳೆಯದು ಮಾಡಲು ಬಂದರೆ ನನ್ನ ಕಣ್ಣು ಮೊದಲು ಅವರ ಕೈಚೀಲದ ಮೇಲೆ ಹೋಗುತ್ತದೆ. ಈ ಸೌಟು ಕೊಟ್ಟವರ ಚೀಲದ ಮೇಲೂ ಹೋಗಿತ್ತು.

ಏಳೆಂಟು ವರ್ಷದ ಹಿಂದಿನ ಮಾತು. ನಮ್ಮ ಎದುರುಮನೆಯ ಮಹಡಿಯ ಒಂದೇ ಕೋಣೆಗೆ ಭದ್ರಾವತಿಯಿಂದ ಒಬ್ಬರು ಬಾಡಿಗೆಗೆ ಬಂದರು. ಅರವತ್ತು ದಾಟಿದ್ದರು, ಹೆಂಡತಿ ತೀರಿಕೊಂಡಿದ್ದರು, ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಬಡಿಸಿದ್ದರಂತೆ. ನಾವು ಅವರನ್ನು ಕ್ಯಾಂಟೀನಿನವರು ಅಂತಲೇ ಕರೆಯುತ್ತಿದ್ದೆವು. ಭದ್ರಾವತಿಯಲ್ಲಿ ಸ್ವಂತ ಮನೆ, ಮನೆಯಲ್ಲಿ ಮಗಳು ಅಳಿಯ ಇದ್ದಾರೆ ಅಂತ ತಿಳಿದ ದಿನವೇ ನನಗೆ ಅನುಮಾನ ಬಂತು. ಬಸ್ಸಿನಲ್ಲಿ ಅರ್ಧ ಗಂಟೆಯ ದೂರದಲ್ಲಿ ಸ್ವಂತ ಮನೆ ಇಟ್ಟುಕೊಂಡು ಇಲ್ಲಿ ಶಿವಮೊಗ್ಗದ ಒಂಟಿ ಕೋಣೆಯಲ್ಲಿ ಯಾಕಿರಬೇಕು ಮನುಷ್ಯ? ಮಗಳು ಓಡಿಸಿರಬೇಕು ಅಂದುಕೊಂಡೆ. ಓಡಿಸುವಂಥದ್ದು ಏನು ಮಾಡಿದ್ದರೋ...

ಆ ವರ್ಷವೇ ನಮ್ಮನೆಯವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಗಿತ್ತು. ಅವರ ಅಣ್ಣನಿಗೆ ಅದೇ ಕಾಯಿಲೆಯಿಂದ ಎಡಗಾಲಿನ ಎರಡು ಬೆರಳು ತೆಗೆದಿದ್ದರು. ನಮ್ಮನೆಯವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಸ್ನಾನ ಮಾಡಿ ಬಂದು ತಮ್ಮ ಕಾಲಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುವುದನ್ನು ನಾನು ಕದ್ದು ನೋಡಿದ್ದೆ. ನನಗೂ ಭಯವಿತ್ತು. ಭಯವಾದಾಗ ನನಗೆ ತಿಳಿದಿದ್ದು ಒಂದೇ, ಇನ್ನೊಂದು ಸ್ವಲ್ಪ ಬಡಿಸುವುದು.

ಗೌರಿ ಹಬ್ಬದ ದಿನ ಒಂಟಿ ಮನುಷ್ಯ ಅಂತ ಕ್ಯಾಂಟೀನಿನವರನ್ನೂ ಊಟಕ್ಕೆ ಕರೆದೆವು. ನಮ್ಮನೆಯವರು ಮೂರು ಸಲ ಸಾಕು ಅಂದರು, ನಾನು ಮೂರು ಸಲವೂ ಹೋಳಿಗೆ ಹಾಕಿದೆ. ನಮ್ಮ ಕಡೆ ಅದೇ ಅಲ್ಲವೇ ಪದ್ಧತಿ? ಮೊದಲ ಸಾಕು ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಮೂರನೆಯದಕ್ಕೆ ಬೇಕಾದರೆ ಯೋಚನೆ ಮಾಡಬಹುದು. ಸಾಕು ಅಂದ ತಕ್ಷಣ ನಿಲ್ಲಿಸಿದರೆ ಆ ಮನೆಯವರು ಜಿಪುಣರು ಅಂತ ಹೊರಗೆ ಹೋಗಿ ಆಡಿಕೊಳ್ಳುತ್ತಾರೆ. ಕ್ಯಾಂಟೀನಿನವರು ಒಂದು ಹೋಳಿಗೆಗೆ ಸಾಕು ಅಂದರು. ನಾನು ಇನ್ನೊಂದು ಹಾಕಿದೆ. ಅವರು ಎಲೆಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು.

"ಅಮ್ಮಾ, ನಾನು ಸಾಕು ಅಂದಿದ್ದೆ."

ಹಬ್ಬದ ದಿನ, ನನ್ನ ಮನೆಯಲ್ಲಿ ಕೂತು, ನನಗೇ ಹೇಳಿದರು. ನನಗೆ ಎಷ್ಟು ಕೋಪ ಬಂತೆಂದರೆ ಮಜ್ಜಿಗೆಗೆ ಉಪ್ಪು ಹಾಕಲು ಮರೆತೆ. ಊಟ ಮುಗಿದ ಮೇಲೆ ಅವರು ನಮ್ಮನೆಯವರನ್ನು ಪಕ್ಕಕ್ಕೆ ಕರೆದು ಶುಗರ್ ಇದೆಯಾ ಅಂತ ಕೇಳಿದರಂತೆ. ಕಾಫಿ ಕೊಟ್ಟರೆ ಬೇಡ ಅಂದು ಹೊರಟೇಬಿಟ್ಟರು. ಕಾಫಿಯನ್ನೂ ಬೇಡ ಅನ್ನುವ ಮನುಷ್ಯನನ್ನು ಯಾವ ಧೈರ್ಯದಲ್ಲಿ ನಂಬುವುದು, ನೀವೇ ಹೇಳಿ.

ಮಾರನೇ ದಿನ ಸಂಜೆ ಈ ಸೌಟು ಹಿಡಿದುಕೊಂಡು ಬಂದರು. ಕ್ಯಾಂಟೀನಿನಲ್ಲಿ ಚಟ್ನಿ ಬಡಿಸುತ್ತಿದ್ದ ಚಿಕ್ಕ ಸೌಟಂತೆ, ನಿವೃತ್ತಿಯ ದಿನ ಜೊತೆಯವರು ನೆನಪಿಗೆ ಅಂತ ಕೊಟ್ಟರಂತೆ. ಕದ್ದು ತಂದಿರಬೇಕು ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಇನ್ನು ಮೇಲೆ ಗಂಡ ಹೆಂಡತಿ ಮಗಳು ಮೂವರಿಗೂ ಅನ್ನವನ್ನು ಇದರಲ್ಲೇ ಬಡಿಸಿ, ಒಬ್ಬರಿಗೆ ಎರಡು ಸೌಟು, ಪಲ್ಯ ಕೋಸಂಬರಿಗೆ ಮಾತ್ರ ನಿಮ್ಮ ಹಳೇ ಸೌಟು ಅಂದರು. ಕಟ್ಟಿಕೊಂಡ ಗಂಡನಿಗೆ ಚಟ್ನಿ ಸೌಟಿನಲ್ಲಿ ಅನ್ನ ಬಡಿಸುವುದಾ ಅಂತ ನಾನು ಕೇಳಿಯೇಬಿಟ್ಟೆ. ಅದಕ್ಕೆ ಅವರು ಕೂತುಕೊಂಡು ಒಂದು ಕಥೆಯನ್ನೇ ಹೇಳಿದರು. ಅವರ ಕ್ಯಾಂಟೀನಿಗೆ ತಮಿಳರು, ತೆಲುಗರು, ಸಾಬರು, ನಮ್ಮವರು ಎಲ್ಲ ಬರುತ್ತಿದ್ದರಂತೆ.

"ತಮಿಳ್ರು ಪೋದುಂ ಅಂದ್ರೆ ನಿಲ್ಲಿಸ್ತಿದ್ದೆ, ತೆಲುಗ್ರು ಚಾಲು ಅಂದ್ರೂ ನಿಲ್ಲಿಸ್ತಿದ್ದೆ, ಸಾಬ್ರು ಬಸ್ ಅಂದ್ರೂ ನಿಲ್ಲಿಸ್ತಿದ್ದೆ. ನಮ್ಮೋರು ಮಾತ್ರ ಸಾಕು ಅಂತ ಕೈ ಅಡ್ಡ ಇಟ್ಟು, ಬೆರಳು ಅಗಲಿಸಿ ಇಡ್ತಾರಮ್ಮ, ಸಂದೀಲಿ ಬೀಳ್ಲಿ ಅಂತ."

ನನ್ನ ಮಗಳಿಗೆ ಆಗ ಹನ್ನೆರಡು ವರ್ಷ. ಬಿದ್ದು ಬಿದ್ದು ನಕ್ಕಳು. ನಮ್ಮನೆಯವರೂ ಎಷ್ಟೋ ದಿನದ ಮೇಲೆ ನಕ್ಕರು. ನಾನು ನಗಲಿಲ್ಲ.

ಹಾಗೆ ಶುರುವಾಯಿತು. ಟಿವಿ ಮುಂದೆ ಒಂಬತ್ತೂವರೆಗೆ ಒಬ್ಬೊಬ್ಬರಾಗಿ ತಿನ್ನುತ್ತಿದ್ದ ನಾವು ಸಂಜೆ ಏಳಕ್ಕೇ ನೆಲದ ಮೇಲೆ ಒಟ್ಟಿಗೆ ಕೂರತೊಡಗಿದೆವು. ಕಾರ್ಖಾನೆಯ ಸೈರನ್ ಹೊಡೆಯಿತು ಅಂದುಕೊಳ್ಳಿ, ಸೈರನ್ ನಿಮಗೋಸ್ಕರ ಕಾಯುವುದಿಲ್ಲ ಅನ್ನುತ್ತಿದ್ದರು. ಊಟವಾದ ಮೇಲೆ ಕೈ ಊರದೆ ನೆಲದಿಂದ ಏಳಬೇಕು. ಮಗಳು ಸ್ಪ್ರಿಂಗಿನ ಹಾಗೆ ಎದ್ದು ನಿಲ್ಲುತ್ತಿದ್ದಳು, ನಮ್ಮನೆಯವರು ಗೋಡೆ, ಕಿಟಕಿ, ನನ್ನ ಹೆಗಲು ಎಲ್ಲವನ್ನೂ ಹಿಡಿದು ಏಳುತ್ತಿದ್ದರು. ಅಷ್ಟರಲ್ಲಿ ಕ್ಯಾಂಟೀನಿನವರು ಗೇಟಿನ ಹತ್ತಿರ ಬಂದು ನಿಂತಿರುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ನಾಲ್ವರೂ ಕೋಟೆ ರಸ್ತೆಯಲ್ಲಿ ತುಂಗೆಯ ದಡದ ಮೆಟ್ಟಿಲವರೆಗೆ ನಡೆದುಹೋಗಿ ವಾಪಸ್ ಬರುತ್ತಿದ್ದೆವು. ಅವರು ಮಗಳಿಗೆ ನಾಲ್ಕು ಭಾಷೆಯಲ್ಲಿ ಎಣಿಸುವುದನ್ನು ಕಲಿಸಿದರು. ಮೆಟ್ಟಿಲು ಹತ್ತುವಾಗ ತಂದೆ ಮಗಳು ತಮಿಳಿನಲ್ಲಿ ಎಣಿಸುತ್ತಿದ್ದರು, ನಾನು ಹಿಂದಿನಿಂದ ಕ್ಯಾಂಟೀನಿನವರ ಚೀಲ ನೋಡುತ್ತಾ ಬರುತ್ತಿದ್ದೆ.

ಚೀಲದಲ್ಲಿ ಡಬ್ಬ ಇದ್ದೇ ಇರುತ್ತದೆ ಅಂತ ನನ್ನ ಲೆಕ್ಕಾಚಾರ. ಆ ವರ್ಷ ಊರಿನ ತುಂಬ ಅದೇ ಆಗಿತ್ತು. ನಮ್ಮ ರಸ್ತೆಯ ಕೊನೆಯ ಮನೆಯಾಕೆಯನ್ನು ಮೊದಲು ಪುಕ್ಕಟೆ ವಾಕಿಂಗಿಗೆ ಕರೆದರು, ಆಮೇಲೆ ಪುಕ್ಕಟೆ ತೂಕ ನೋಡಿದರು, ಮೂರನೇ ವಾರ ತೂಕ ಇಳಿಸುವ ಪುಡಿಯ ಡಬ್ಬ ಹೊರಗೆ ಬಂತು, ಸಾವಿರಗಟ್ಟಲೆ ರೂಪಾಯಿಗೆ. ನಮ್ಮ ಮನೆಯ ಡಬ್ಬ ಯಾವತ್ತು ಬರುತ್ತದೋ ಅಂತ ಕಾದೆ. ಮೂರು ವಾರ ಹೋಯಿತು, ಮೂರು ತಿಂಗಳೂ ಹೋಯಿತು. ಒಂದು ದಿನ ಅವರು ಮೆಟ್ಟಿಲ ಮೇಲೆ ಕೂತು ಚೀಲಕ್ಕೆ ಕೈ ಹಾಕಿದಾಗ ಬಂತಪ್ಪಾ ಅಂದುಕೊಂಡೆ. ಹೊರಗೆ ಬಂದಿದ್ದು ಛತ್ರಿ.

ನಾಲ್ಕು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದೆವು. ಸಕ್ಕರೆ ಇಳಿದಿತ್ತು. ನನಗೆ ಆ ಲ್ಯಾಬಿನ ಮೇಲೇ ಅನುಮಾನ ಬಂದು ಇನ್ನೊಂದು ಲ್ಯಾಬಿಗೆ ಕರೆದುಕೊಂಡು ಹೋದೆ. ಅಲ್ಲೂ ಇಳಿದಿತ್ತು. ಡಾಕ್ಟರು ಈಗಿನ ಮಾತ್ರೆಯೇ ಇರಲಿ, ಹೀಗೇ ಮುಂದುವರಿಸಿ ಅಂದರು. ಅವತ್ತು ಸಂಜೆ ನಮ್ಮನೆಯವರು ಏನನ್ನೂ ಹಿಡಿಯದೆ ನೆಲದಿಂದ ಎದ್ದರು. ಎದ್ದು ನಿಂತು ಮಗುವಿನ ಹಾಗೆ ನನ್ನನ್ನೇ ನೋಡಿದರು. ಹಿಂದೆ ಗೋಡೆಗೆ ಬೆನ್ನು ಕೊಟ್ಟಿರಬಹುದು ಅಂತ ನಾನು ಅಂದೆ. ಎಂಥ ಬಾಯಿ ನನ್ನದು.

ಅದಾದ ಹದಿನೈದೇ ದಿನಕ್ಕೆ ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಭದ್ರಾವತಿಗೆ ಹೋಗಿದ್ದೆ. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಕ್ಯಾಂಟೀನಿನವರು ನಿಂತಿದ್ದರು. ಗಾಜಿನ ಮೇಲೆ ಬೆರಳಿಟ್ಟು ತೋರಿಸಿ, ಬಿಸಿ ಇದ್ದಿದ್ದೇ ಕೊಡಿ ಅಂತ ಕೇಳಿ, ಅರ್ಧ ಕೆಜಿ ಜಿಲೇಬಿ ಕಟ್ಟಿಸಿಕೊಂಡರು. ನಾನು ಕಂಬದ ಹಿಂದೆ ನಿಂತು ನೋಡಿದೆ. ಸಂತೋಷವಾಯಿತು ಅಂತಲೇ ಹೇಳಬೇಕು. ಐದು ತಿಂಗಳಿಂದ ಹುಡುಕುತ್ತಿದ್ದ ಸುಳ್ಳು ಸಹಿ ಕೊನೆಗೂ ಸಿಕ್ಕಿತ್ತು.

ಮಾರನೇ ಸಂಜೆ ಅವರು ಬರುವ ಹೊತ್ತಿಗೆ ನಾನೇ ಗೇಟಿನಲ್ಲಿ ನಿಂತಿದ್ದೆ. ನಮಗೆಲ್ಲ ಚಟ್ನಿ ಸೌಟು, ನಿಮಗೆ ಅರ್ಧ ಕೆಜಿ ಜಿಲೇಬಿಯಾ ಅಂತ ಕೇಳಿದೆ. ಊರವರಿಗೆಲ್ಲ ಕೇಳುವ ಹಾಗೆ ಕೇಳಿದೆ. ಅವರು ಏನೋ ಹೇಳಲು ಬಾಯಿ ತೆರೆದರು, ನಾನು ಬಿಡಲಿಲ್ಲ.

"ಸಾಕು. ನಾಳೆಯಿಂದ ಬರೋದು ಬೇಡ."

ಆಯ್ತಮ್ಮ ಅಂದರು. ಗೇಟಿನ ಮೇಲಿದ್ದ ಕೈ ತೆಗೆದು ರಸ್ತೆ ದಾಟಿ ಹೋದರು.

ನಾಳೆ ಬಂದು ಸಮಜಾಯಿಷಿ ಕೊಡುತ್ತಾರೆ ಅಂದುಕೊಂಡಿದ್ದೆ. ಕೊಟ್ಟರೆ ಏನು ಉತ್ತರ ಹೇಳಬೇಕು, ಎಷ್ಟು ಹೊತ್ತು ಮುಖ ಬಿಗಿದುಕೊಂಡಿರಬೇಕು, ಯಾವಾಗ ಹೋಗಲಿ ಬಿಡಿ ಅನ್ನಬೇಕು, ಎಲ್ಲ ಯೋಚಿಸಿಟ್ಟಿದ್ದೆ. ಅವರು ಬರಲಿಲ್ಲ. ತಿಂಗಳು ತುಂಬುವುದರೊಳಗೆ ಕೋಣೆ ಖಾಲಿ ಮಾಡಿಕೊಂಡು ಭದ್ರಾವತಿಗೆ ಹೋದರು. ನಮ್ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅನ್ನದಿದ್ದದ್ದೇ ನನಗೆ ಇನ್ನೂ ಸಿಟ್ಟು ತರಿಸಿತು. ಚಟ್ನಿ ಸೌಟು ಅಟ್ಟ ಸೇರಿತು. ಊಟ ಏಳರಿಂದ ಎಂಟಕ್ಕೆ, ಎಂಟರಿಂದ ಒಂಬತ್ತಕ್ಕೆ ಜಾರಿತು. ಇವತ್ತು ಮಳೆ, ನಾಳೆ ಪರೀಕ್ಷೆ ಅಂತ ನದಿಯ ಕಡೆ ಹೋಗುವುದೂ ನಿಂತಿತು. ನಾನು ದೊಡ್ಡ ಸೌಟಿನಲ್ಲಿ ಬಡಿಸುತ್ತಿದ್ದೆ, ಅವರು ಸಾಕು ಅನ್ನುತ್ತಿದ್ದರು, ನಾನು ಇನ್ನೊಂದು ಹಾಕುತ್ತಿದ್ದೆ.

ಆ ಮಳೆಗಾಲದಲ್ಲಿ ಹೊಸ ಚಪ್ಪಲಿ ನಮ್ಮನೆಯವರ ಹಿಮ್ಮಡಿ ಕಚ್ಚಿತು. ಕಡಲೆಕಾಳಿನಷ್ಟು ಗಾಯ, ಎರಡು ತಿಂಗಳಾದರೂ ಮಾಯಲಿಲ್ಲ. ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, ಮನೆಯಲ್ಲಿ ಊಟ ನೋಡಿಕೊಳ್ಳುವವರು ಯಾರು ಅಂತ ಕೇಳಿದರು. ನಾನು ಕೈ ಎತ್ತಿದೆ, ಶಾಲೆಯ ಹುಡುಗಿಯ ಹಾಗೆ. ಮಾರನೇ ದಿನ ಎದುರುಮನೆಯವರಿಂದ ವಿಳಾಸ ತಗೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಕೈಮುಗಿದು ವಾಪಸ್ ಕರೆದುಕೊಂಡು ಬರುತ್ತೇನೆ ಅಂತ ದಾರಿಯುದ್ದಕ್ಕೂ ಅಂದುಕೊಂಡೆ.

ಬಾಗಿಲು ತೆಗೆದದ್ದು ಅವರ ಮಗಳು. ಗೋಡೆಯ ಮೇಲೆ ಎರಡು ಫೋಟೋಗಳಿದ್ದವು, ಎರಡಕ್ಕೂ ಹಾರ. ಮಳೆ ಶುರುವಾಗುವುದಕ್ಕೆ ಮುಂಚೆ ಎದೆನೋವು ಬಂದು ಹೋಗಿಬಿಟ್ಟರಂತೆ. ನಾನು ಅಲ್ಲಿದ್ದ ಕುರ್ಚಿಯಲ್ಲಿ ಕೂತೆ. ಆಕೆ ಕಾಫಿ ತಂದಳು, ಬೇಡಮ್ಮ ಅಂದೆ. ಬೇಡ ಅಂದವರನ್ನು ಒತ್ತಾಯಿಸಬಾರದು ಅಂತ ಅಪ್ಪ ಹೇಳುತ್ತಿದ್ದರು ಅಂದು ಲೋಟವನ್ನು ಒಳಗೆ ತಗೊಂಡು ಹೋದಳು. ನನಗೆ ಆ ಕಾಫಿ ಬೇಕಿತ್ತು.

ಜಿಲೇಬಿಯ ವಿಷಯ ನಾನೇ ಎತ್ತಿದೆ, ತಡೆಯಲಾಗಲಿಲ್ಲ. ಅವಳ ತಾಯಿಗೂ ಸಕ್ಕರೆ ಕಾಯಿಲೆ ಇತ್ತಂತೆ. ಇಡೀ ಕಾರ್ಖಾನೆಗೆ ಅಳತೆಯಲ್ಲಿ ಬಡಿಸಿದ ಮನುಷ್ಯ ಮನೆಗೆ ಬಂದರೆ ಹೆಂಡತಿಗೆ ಅಳತೆಯಿಲ್ಲದೆ ಬಡಿಸುತ್ತಿದ್ದರಂತೆ. ಆಕೆ ಸಾಕು ಸಾಕು ಅನ್ನುತ್ತಿದ್ದರಂತೆ, ಇವರು ಪ್ರೀತಿಗೆ ಇನ್ನೊಂದು ಹಾಕುತ್ತಿದ್ದರಂತೆ. ಮೊದಲು ಬೆರಳು ಹೋಯಿತು, ಆಮೇಲೆ ಕಾಲು, ಆಮೇಲೆ ಆಕೆಯೇ ಹೋದರು. ಆ ಅಡಿಗೆಮನೆಯನ್ನು ನೋಡಲಾಗದೆ ಶಿವಮೊಗ್ಗಕ್ಕೆ ಬಂದು ಕೋಣೆ ಹಿಡಿದಿದ್ದರು. ನಾನು ಬೇಕರಿಯಲ್ಲಿ ಕಂಡ ದಿನ ಆಕೆಯ ವರ್ಷದ ತಿಥಿ. ಫೋಟೋದ ಮುಂದೆ ಎಡೆ ಇಡಲು ಆಕೆಗೆ ಇಷ್ಟವಾದ ಜಿಲೇಬಿ ತಂದಿದ್ದರು. ಅದೊಂದು ದಿನ ಅಪ್ಪ ಅಳತೆ ನೋಡುತ್ತಿರಲಿಲ್ಲ ಅಂದಳು. ಫೋಟೋದಲ್ಲಿ ಕೂತವರು ಸಾಕು ಅನ್ನುವುದಿಲ್ಲವಲ್ಲ...

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ. ಒಂದು ಸಲ ಬಂದು ಹೀಗೆ ಅಂತ ಹೇಳಬಹುದಿತ್ತಲ್ಲಮ್ಮ, ನಾನೇನು ರಾಕ್ಷಸಿಯಾ ಅಂತ ಕೇಳಿದೆ.

"ನಾನೂ ಅದೇ ಹೇಳಿದ್ದೆ ಅಕ್ಕ, ಹೋಗಿ ಹೇಳ್ಬಿಟ್ಟು ಬಾ ಅಂತ. ಆಯಮ್ಮ ಸಾಕು ಅಂದಿದಾರೆ, ಸಾಕು ಅಂದ್ಮೇಲೆ ಸಾಕು ಅಂದ್ರು."

ಮನೆಗೆ ಬಂದವಳೇ ಸ್ಟೂಲು ಹಾಕಿಕೊಂಡು ಅಟ್ಟದಿಂದ ಸೌಟು ಇಳಿಸಿದೆ. ಗಾಯ ಮಾಯಲು ದೀಪಾವಳಿ ಬಂತು, ಬೆರಳುಗಳೆಲ್ಲ ಉಳಿದವು. ಅವತ್ತಿನಿಂದ ಇವತ್ತಿನವರೆಗೆ ಏಳಕ್ಕೆ ಊಟ, ಆಮೇಲೆ ತುಂಗೆಯ ಮೆಟ್ಟಿಲು. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ, ಅವಳೂ ಬರುತ್ತಾಳೆ, ತಮಿಳು ಎಣಿಕೆ ಮರೆತಿಲ್ಲ. ನನ್ನ ಅನುಮಾನ ಮಾತ್ರ ಹೋಗಿಲ್ಲ, ಹೋಗುವುದೂ ಇಲ್ಲ. ಇತ್ತೀಚೆಗೆ ಅದು ನನ್ನ ಮೇಲೇ ಜಾಸ್ತಿ.

ಈಗ ತಾನೇ ಊಟ ಮುಗಿಯಿತು. ಹೊಸ ರಿವಿಟ್ ಗಟ್ಟಿಯಾಗಿ ಕೂತಿದೆ, ಅಂಗಡಿಯವನು ಮೋಸ ಮಾಡಿಲ್ಲ. ಎರಡು ಸೌಟು ಅನ್ನ ಹಾಕಿದೆ, ನಮ್ಮನೆಯವರು ಬೆರಳು ಕೂಡಿಸಿ ಕೈ ಅಡ್ಡ ಹಿಡಿದು ಸಾಕು ಅಂದರು. ನಾನು ನಿಲ್ಲಿಸಿದೆ. ನಮ್ಮ ಮನೆಯಲ್ಲಿ ಈಗ ಸಾಕು ಅಂದರೆ ಸಾಕು. ಆದರೆ ಅವತ್ತು ಗೇಟಿನಲ್ಲಿ ನಾನು ಅಂದದ್ದು ಈ ಸಾಕು ಅಲ್ಲ, ನಮ್ಮ ಹಳೇ ಸಾಕು. ಕ್ಯಾಂಟೀನಿನವರು ಇನ್ನೊಂದು ಸಲ ಕೇಳಲಿ ಅಂತ ಅಂದಿದ್ದೆ. ಅವರು ಕೇಳಲಿಲ್ಲ.