ಗುಡುಗಿಗೆ ಕಿತ್ತ ಪ್ಲಗ್ ಮತ್ತು ನಮ್ಮ ಮೊದಲ ಕ್ಲಸ್ಟರ್

2023ರ ಮೇ ತಿಂಗಳು. ಮೂಡುಬಿದಿರೆಯ ಒಂದು ಶಿಕ್ಷಣ ಸಂಸ್ಥೆಯ ಸರ್ವರ್ ಕೋಣೆಗೆ ನಾನು ಮುಖ್ಯಸ್ಥೆ. ಮುಖ್ಯಸ್ಥೆ ಎಂದರೆ ದೊಡ್ಡದೇನಲ್ಲ. ಅಲ್ಲಿದ್ದದ್ದು ನಾನು ಮತ್ತು ಎಲೆಕ್ಟ್ರಿಷಿಯನ್ ಸುಂದರಣ್ಣ, ಇಬ್ಬರೇ. ಹಿಂದಿನ ವರ್ಷ ಪ್ರವೇಶದ ಅರ್ಜಿ ತೆರೆದ ದಿನವೇ ನಮ್ಮ ವೆಬ್‌ಸೈಟ್ ಮಗುಚಿ ಬಿದ್ದಿತ್ತು. ಬೆಳ್ತಂಗಡಿ, ಬಂಟ್ವಾಳದ ಕಡೆಯಿಂದ ಹೆತ್ತವರು ಬಸ್ಸು ಹಿಡಿದು ಬಂದು ಕಚೇರಿಯ ಮುಂದೆ ಸಾಲು ನಿಂತಿದ್ದರು. ಈ ಸಲ ಸಂಸ್ಥೆಯ ಸಂಚಾಲಕರು ಖಡಾಖಂಡಿತವಾಗಿ ಹೇಳಿದ್ದರು: “ಇನ್ನೊಮ್ಮೆ ಹಾಗಾದರೆ ಹೊರಗಿನ ಕಂಪನಿಗೆ ಕೊಡುವ. ನೀವು ಪ್ರೊಜೆಕ್ಟರ್ ನೋಡಿಕೊಂಡರೆ ಸಾಕು.”

ಹದಿನೆಂಟು ವರ್ಷ ಆ ಕೋಣೆಯನ್ನು ಸಾಕಿದವಳಿಗೆ ಪ್ರೊಜೆಕ್ಟರ್. ಹಠ ಹಿಡಿದು ಕುಬರ್ನೆಟಿಸ್ ಕಲಿತೆ. ವೆಬ್‌ಸೈಟಿನ ಹಲವು ಪ್ರತಿಗಳನ್ನು ಹಲವು ಯಂತ್ರಗಳಲ್ಲಿ ಓಡಿಸಿ, ಒಂದು ಬಿದ್ದರೆ ಇನ್ನೊಂದು ಕಡೆ ಎಬ್ಬಿಸುವ ವ್ಯವಸ್ಥೆ ಅದು. ಹೀಗೆ ಕೂಡಿ ದುಡಿಯುವ ಯಂತ್ರಗಳ ಗುಂಪೇ ಕ್ಲಸ್ಟರ್. ಮೂರು ಸರ್ವರ್‌ಗಳನ್ನು ಜೋಡಿಸಿ ನಮ್ಮದೇ ಖಾಸಗಿ ಕ್ಲೌಡ್ ಮಾಡಿದೆವು. ಅದರೊಳಗೆ ನೋಡ್ ಎಂದು ಕರೆಯುವ, ಸಾಫ್ಟ್‌ವೇರಿನಿಂದಲೇ ಸೃಷ್ಟಿಸಿದ ಒಂಬತ್ತು ಯಂತ್ರಗಳು: ಅಪ್ಪಣೆ ಕೊಡುವ ಮೂರು ಕಂಟ್ರೋಲ್ ನೋಡ್, ಕೆಲಸ ಮಾಡುವ ಆರು ವರ್ಕರ್ ನೋಡ್. ಒಂಬತ್ತೂ ಪರದೆಯ ಮೇಲೆ ‘ರೆಡಿ’ ಎಂದಾಗ ನಾನು ಹಿಗ್ಗಿ ಹೀರೇಕಾಯಿಯಾದೆ.

ಅರ್ಜಿ ತೆರೆಯಲು ಐದು ದಿನವಿತ್ತು. ಮಧ್ಯಾಹ್ನ ಬೆಳುವಾಯಿ ಕಡೆಯಿಂದ ಗುಡುಗು ಕೇಳಿತು. ನಮ್ಮಲ್ಲಿ ಗುಡುಗು ಕೇಳಿದೊಡನೆ ಟಿವಿ, ಫ್ರಿಜ್ಜಿನ ಪ್ಲಗ್ ಕೀಳದ ಮನೆಯಿಲ್ಲ. ನಾನು ತಿರುಗಿ ನೋಡುವಾಗ ಸುಂದರಣ್ಣ ಒಂದು ಸರ್ವರಿನ ಪ್ಲಗ್ ಕಿತ್ತು, ಎರಡನೆಯದಕ್ಕೆ ಕೈ ಹಾಕಿದ್ದರು.

“ಸುಂದರಣ್ಣ, ಎಂಥ ಮಾಡ್ತಿದ್ದೀರಿ?”

“ಸಿಡಿಲು ಬಡಿದರೆ ಸುಟ್ಟು ಹೋಗ್ತದೆ ಮೇಡಂ. ಇಲ್ಲಿ ಯುಪಿಎಸ್ ಉಂಟು ಅಂತ ಸಿಡಿಲಿಗೆ ಗೊತ್ತುಂಟಾ?”

ಬಾಯಿಗೆ ಬಂದಂತೆ ಬೈದೆ. ಬೈದು ಪರದೆ ನೋಡಿದರೆ ಕ್ಲಸ್ಟರ್ ನನ್ನ ಯಾವ ಆಜ್ಞೆಗೂ ಉತ್ತರಿಸುತ್ತಿರಲಿಲ್ಲ. ಒಂದು ಸರ್ವರ್ ಹೋದರೆ ಹೀಗಾಗಬಾರದು. ಹುಡುಕಿದಾಗ ತಿಳಿಯಿತು, ಮೂರು ಕಂಟ್ರೋಲ್ ನೋಡ್‌ಗಳೂ ಆ ಒಂದೇ ಸರ್ವರಿನಲ್ಲಿ ಕೂತಿದ್ದವು. ಬೇರೆ ಬೇರೆ ಕಡೆ ಇಡಬೇಕೆಂದು ಕ್ಲೌಡಿಗೆ ನಾನು ಹೇಳಿರಲೇ ಇಲ್ಲ. ತಪ್ಪು ನನ್ನದು, ಬೈಗುಳ ಅವರಿಗೆ. ನಾಚಿಕೆಯಾಗಿ ಹೋಗಿ ಕ್ಷಮೆ ಕೇಳಿದೆ. ಇಡೀ ಕ್ಲಸ್ಟರನ್ನು ಅಳಿಸಿ, ಸರ್ವರಿಗೊಂದು ಕಂಟ್ರೋಲ್ ನೋಡ್, ಎರಡು ವರ್ಕರ್ ನೋಡ್ ಹಂಚಿ ಎರಡು ದಿನದಲ್ಲಿ ಮತ್ತೆ ಕಟ್ಟಿದೆ.

ಸಂಚಾಲಕರು ನೋಡಲು ಬಂದರು. “ನಿಲ್ತದೆ ಅಂತ ಏನು ಖಾತ್ರಿ ಉಂಟು?”

“ಸುಂದರಣ್ಣ, ನಿಮಗೆ ಬೇಕಾದ ಒಂದು ಸರ್ವರಿನ ಪ್ಲಗ್ ತೆಗೆಯಿರಿ,” ಎಂದೆ.

“ಈಗ ಗುಡುಗು ಇಲ್ಲವಲ್ಲ ಮೇಡಂ,” ಎನ್ನುತ್ತಲೇ ಕಿತ್ತರು. ಪರದೆಯಲ್ಲಿ ಮೂರು ನೋಡ್ ಕೆಂಪಾದವು. ಸಂಚಾಲಕರು ತಮ್ಮ ಫೋನಿನಲ್ಲಿ ಮಾದರಿ ಅರ್ಜಿ ತುಂಬುತ್ತಲೇ ಇದ್ದರು. ಸ್ವೀಕೃತಿ ಸಂಖ್ಯೆ ಬಂತು. ಅವರಿಗೆ ಉಮೇದು ಏರಿತು.

“ಇನ್ನೊಂದು ತೆಗೆದು ನೋಡುವ.”

“ಬೇಡ ಸರ್. ಮೂರರಲ್ಲಿ ಒಂದು ಹೋದರೆ ನಿಲ್ತದೆ. ಎರಡು ಹೋದರೆ ಬೀಳ್ತದೆ. ಅಪ್ಪಣೆ ಕೊಡ್ಲಿಕ್ಕೆ ಎರಡು ಕಂಟ್ರೋಲ್ ನೋಡ್ ಆದರೂ ಉಳಿಯಬೇಕು.”

ಅವರು ಫೋನನ್ನು ಕಿಸೆಗೆ ಹಾಕಿಕೊಂಡರು. “ಕಳೆದ ವರ್ಷ ಏನೂ ಆಗುವುದಿಲ್ಲ ಅಂತ ಹೇಳಿದ್ದಿರಿ. ಈ ಸಲ ಎಲ್ಲಿಯವರೆಗೆ ಅಂತ ಹೇಳಿದಿರಿ. ಕಂಪನಿ ಬೇಡ, ನೀವೇ ನಡೆಸಿ.”

ಅರ್ಜಿಯ ದಿನ ಸೈಟು ಒಮ್ಮೆಯೂ ನಿಲ್ಲಲಿಲ್ಲ. ಕಚೇರಿಯ ಜಗಲಿ ಸಂಜೆಯವರೆಗೂ ಖಾಲಿ. ಆ ಖಾಲಿ ಜಗಲಿಯನ್ನು ನೋಡಿದಷ್ಟು ಸಂತೋಷ ನನಗೆ ಯಾವ ಸನ್ಮಾನದಲ್ಲೂ ಆಗಿಲ್ಲ.

ಗಟ್ಟಿ ಎನ್ನುವ ಮೊದಲು ಬೀಳಿಸಿ ನೋಡಬೇಕು, ಎಷ್ಟು ಗಟ್ಟಿ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಇದು ಈ ಕೆಲಸ ನನಗೆ ಕಲಿಸಿದ್ದು. ಈಗ ತಿಂಗಳಿಗೊಮ್ಮೆ ಸುಂದರಣ್ಣ ಒಂದು ಸರ್ವರಿನ ಪ್ಲಗ್ ಕೀಳುತ್ತಾರೆ. ಯಾವ ದಿನ, ಯಾವ ಸರ್ವರ್ ಎಂದು ನನಗೆ ಮೊದಲೇ ಹೇಳುವುದಿಲ್ಲ.