ಬೇಸ್‌ಮೆಂಟಿನಲ್ಲಿ ಮೇಲಿನ ಷಡ್ಜ

ಬೇಸ್‌ಮೆಂಟಿನಲ್ಲಿ ನನಗೊಂದು ಸ್ಟುಡಿಯೋ ಕಟ್ಟಿಕೊಡುತ್ತೇನೆಂದು ನನ್ನ ಗಂಡ ಹೇಳಿದಾಗ ನಾನು ನಕ್ಕುಬಿಟ್ಟೆ. ಈ ಮನುಷ್ಯನ ಕೆಲಸವೇ ಸದ್ದಡಗಿಸುವುದು. ಗಾಳಿಯ ಸದ್ದು, ಟೈರಿನ ಸದ್ದು ಕಾರಿನೊಳಗೆ ಬಾರದಂತೆ ನೋಡಿಕೊಳ್ಳುವ ಎಂಜಿನಿಯರ್. ಇಂಥವರು ಹಾಡುವವಳಿಗೆ ಕೋಣೆ ಕಟ್ಟುವುದೆಂದರೆ!

ಆದರೆ ಕೋಣೆ ನನಗೆ ಬೇಕೇ ಬೇಕಿತ್ತು. ಧಾರವಾಡದಲ್ಲಿ ನಮ್ಮ ಗುರುಗಳು ಕಿಟಕಿಗಳನ್ನೆಲ್ಲ ತೆರೆಸಿ ಹಾಡಿಸುತ್ತಿದ್ದರು. ಓಣಿ ಕೇಳಲಿ ಬಿಡಲಿ, ಗಂಟಲು ಬಿಚ್ಚಬೇಕು. ಹಾಗೆ ಬೆಳೆದವಳು ಮದುವೆಯಾಗಿ ಅಮೆರಿಕಕ್ಕೆ, ಶಿಕಾಗೋ ಹತ್ತಿರದ ಶಾಮ್‌ಬರ್ಗ್‌ನ ಅಪಾರ್ಟ್‌ಮೆಂಟಿಗೆ ಬಂದೆ. ಮೊದಲ ಸಲ ತಾನ ತೆಗೆದಾಗಲೇ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಮ್ಮ ಸೂರು ಕುಟ್ಟಿದರು. ಆಮೇಲೆ ಅಪಾರ್ಟ್‌ಮೆಂಟ್ ಆಫೀಸಿನವರು ಕರೆದು ಎಚ್ಚರಿಸಿದ್ದೂ ಆಯಿತು. ಅಂದಿನಿಂದ ಬಾಯೊಳಗೇ ಗುನುಗುವುದನ್ನು ಕಲಿತೆ. ಮಗಳು ಹುಟ್ಟಿದಳು, ಮಿಶಿಗನ್‌ಗೆ ಬಂದೆವು, ಪ್ಲಿಮತ್‌ನಲ್ಲಿ ಸ್ವಂತ ಮನೆಯೂ ಆಯಿತು. ಗಂಟಲಿಗೆ ಹಿಡಿದ ಅಂಜಿಕೆ ಮಾತ್ರ ಬಿಡಲಿಲ್ಲ. ಮೇಲಿನ ಷಡ್ಜದ ಹತ್ತಿರ ಹೋದರೆ ಸಾಕು, ಯಾರೋ ಕುಟ್ಟುತ್ತಾರೆಂದು ದನಿ ತಾನಾಗಿಯೇ ಇಳಿದುಬಿಡುತ್ತಿತ್ತು. ಆ ಸ್ವರ ನನ್ನೊಳಗೆ ಇನ್ನೂ ಇದೆಯೋ, ಸತ್ತೇ ಹೋಯಿತೋ, ನನಗೇ ಗೊತ್ತಿರಲಿಲ್ಲ.

ಚಳಿಗಾಲವಿಡೀ ಶನಿವಾರ, ಭಾನುವಾರ ಕೆಲಸ ನಡೆಯಿತು. ಅಕ್ಕಿ ಚೀಲ, ಸೂಟ್‌ಕೇಸು, ಪಾರ್ಟಿಗೆಂದು ಇಟ್ಟ ಮಡಚುವ ಕುರ್ಚಿ, ಎಲ್ಲ ಗ್ಯಾರೇಜಿಗೆ ಹೋದವು. ನಮ್ಮ ಬಡಾವಣೆಯ ಕನ್ನಡದವರು ಬಂದು ನೋಡಿ, "ಹೋಮ್ ಥಿಯೇಟರ್ ಮಾಡ್ಸೋದು ಬಿಟ್ಟು ಇದೇನ್ರೀ?" ಎಂದರು. ನನ್ನ ಗಂಡ ತಮ್ಮ ಪಾಡಿಗೆ ಮೊಳೆ ಹೊಡೆಯುತ್ತಲೇ ಇದ್ದರು. ಗೋಡೆಗೆ ಎರಡು ಪದರ, ನಡುವೆ ರಬ್ಬರ್, ಎರಡು ಕೈಯಲ್ಲಿ ಎಳೆಯಬೇಕಾದಂಥ ಬಾಗಿಲು. ಒಳಗಡೆ ನಾಲ್ಕೂ ಗೋಡೆಗೆ, ಸೂರಿಗೆ ಸಹ, ದಪ್ಪನೆಯ ಕಪ್ಪು ಸ್ಪಂಜು. ಒಂದು ಮೈಕು, ಒಂದು ಕಂಪ್ಯೂಟರ್. "ಮುಗೀತು. ಬಾ, ಹಾಡು" ಎಂದರು.

ಹಾಡಿದೆ. ಬಾಯಿಂದ ಹೊರಟ ಸ್ವರ ಹಿಟ್ಟಿನ ಮುದ್ದೆಯಂತೆ ಕಾಲ ಬಳಿ ಬಿತ್ತು. ಇನ್ನೊಮ್ಮೆ ಪ್ರಯತ್ನಿಸಿದೆ, ಅದೂ ಅಷ್ಟೇ.

"ಹೋತ್ರೀ, ನನ್ನ ದನಿ ಹೋತು" ಎಂದು ಅಳುತ್ತ ಕೂತುಬಿಟ್ಟೆ.

ಅವರು ನನ್ನ ಪಕ್ಕ ಬಂದು ನಿಂತರು. ಸಮಾಧಾನ ಮಾಡಲೆಂದು ಒಮ್ಮೆ ಚಪ್ಪಾಳೆ ತಟ್ಟಿದರು. "ನೋಡಿಲ್ಲಿ, ಒಂದ ಚೂರೂ ಮಾರ್ದನಿ ಇಲ್ಲ! ನಮ್ಮ ಲ್ಯಾಬ್‌ನ್ಯಾಗ ಸೈತ ಇಷ್ಟ ಚೊಲೋ ಇಲ್ಲ!"

ನನ್ನ ಅಳು ಅರ್ಧಕ್ಕೇ ನಿಂತಿತು. ದನಿ ಹೋಗಿರಲಿಲ್ಲ; ಈ ಮಹಾನುಭಾವ ಅದನ್ನು ಹುಟ್ಟಿದಲ್ಲೇ ಹೀರುವಂತೆ ಕೋಣೆ ಕಟ್ಟಿದ್ದರು. "ರೀ, ನೀವು ಕಟ್ಟಿದ್ದು ಕಾರು! ಇದರಾಗ ಕೂತು ಫ್ರೀವೇ ಮ್ಯಾಲ ಹೋಗಬಹುದು, ಹಾಡಾಕ ಬರಂಗಿಲ್ಲ!" ಎಂದು ಕಿರುಚಿದೆ. ಆ ಕೋಣೆಯಲ್ಲಿ ನನ್ನ ಕಿರುಚಾಟವೂ ಮೆಲುಮಾತಿನಂತೆ ಕೇಳಿಸಿ ಸಿಟ್ಟು ನೆತ್ತಿಗೇರಿತು. ಎದ್ದು ಸ್ಪಂಜು ಕೀಳತೊಡಗಿದೆ.

"ಏ, ಏ, ಅಂಟು ಒಣಗೇತಿ, ಗೋಡಿ ಕಿತ್ತು ಬರತೈತಿ!"

"ಬರಲಿ!"

ಅಂದು ರಾತ್ರಿ ಮುಖ ಊದಿಸಿಕೊಂಡೇ ಉಂಡರು. ಆದರೆ ಹಟ ಹಿಡಿದು ಕೂರುವ ಜಾತಿಯಲ್ಲ ನನ್ನ ಗಂಡ. ಮುಂದಿನ ವಾರ ಮೇಪಲ್ ಹಲಗೆಗಳನ್ನು ತಂದು, ನಾನು ಬೋಳು ಮಾಡಿದ್ದ ಎರಡು ಗೋಡೆಗೆ ಜೋಡಿಸಿ, ನೆಲದ ಕಾರ್ಪೆಟ್ಟನ್ನೂ ಸುತ್ತಿಟ್ಟರು.

ಫೋನಿನಲ್ಲಿ ತಂಬೂರಿ ಹಚ್ಚಿ ನಿಂತೆ. ಮೊದಲ ಸ್ವರಕ್ಕೇ ಗೋಡೆ ಹೂಂಗುಟ್ಟಿತು. ಪಂಚಮ, ಧೈವತ ದಾಟಿ ನಿಷಾದಕ್ಕೆ ಬಂದೆ. ಕುಟ್ಟುವವರು ಕುಟ್ಟಿಕೊಳ್ಳಲಿ ಎಂದು ದನಿ ಬಿಟ್ಟೇಬಿಟ್ಟೆ. ದನಿ ಒಡೆಯಿತು. ಉಸಿರೆಳೆದು ಮತ್ತೆ ಹೋದೆ. ಹತ್ತಿತು! ಮೇಲಿನ ಷಡ್ಜ ಹತ್ತಿತು! ಉಸಿರು ಮುಗಿಯುವ ತನಕ ಅಲ್ಲೇ ನಿಂತೆ. ನನ್ನ ಗುನುಗಿಗೆ ಸರಿಯಾಗಿ ಮೈಕು ಹೊಂದಿಸಿದ್ದರಲ್ಲ, ಕಂಪ್ಯೂಟರಿನಲ್ಲಿ ದನಿಯ ಜೋರು ತೋರಿಸುವ ಗೆರೆಯೆಲ್ಲ ಮಿತಿ ಮೀರಿ ಕೆಂಪಾಗಿ ಹೋಗಿತ್ತು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ನನ್ನ ಗಂಡ ಅಷ್ಟರಲ್ಲಿ ಮೇಲಕ್ಕೆ ಓಡಿದ್ದರು. "ಮತ್ತೊಮ್ಮೆ ಹಾಡು, ನಿಲ್ಲಿಸಬ್ಯಾಡ" ಎಂದು ಹೇಳಿ ಹೋದವರು ಏದುಸಿರು ಬಿಡುತ್ತ ಇಳಿದು ಬಂದು ಬಾಗಿಲು ಹಾಕಿಕೊಂಡರು. "ಅಡಗಿಮನ್ಯಾಗ ಏನಂದ್ರ ಏನೂ ಕೇಳಸಂಗಿಲ್ಲ! ಗೆದ್ದೆ ನೋಡು!"

"ಗೆದ್ರಿ, ಖರೆ. ಈಗ ಆ ಬಾಗಲಾ ತಗೀರಿ."

"ಯಾಕ? ಇಷ್ಟೆಲ್ಲಾ ಮಾಡಿ..."

"ನಾ ಏನು ಕಳುವು ಮಾಡಾಕತ್ತೀನೇನು? ಹಾಡಾಕತ್ತೀನಿ. ತಗೀರಿ."

ಎರಡು ಕೈಯಿಂದ ಎಳೆದು ತೆಗೆದರು. ನಾನು ಕಣ್ಣು ಮುಚ್ಚಿ ಮತ್ತೆ ಮೇಲಕ್ಕೆ ಹೋದೆ, ಈ ಸಲ ಇನ್ನೂ ಜೋರಾಗಿ. ಕಣ್ಣು ತೆರೆದಾಗ ಮಗಳು ಮೆಟ್ಟಿಲ ಮೇಲೆ ನಿಂತಿದ್ದಳು, ಕಿವಿಯಿಂದ ತೆಗೆದ ಇಯರ್‌ಫೋನು ಕೈಯಲ್ಲಿ.

"ಅಮ್ಮಾ, ವಾಸ್ ದಟ್ ಯೂ?"

ನಾವು ಯಾರದೋ ರೆಕಾರ್ಡಿಂಗ್ ಹಾಕಿದ್ದೇವೆಂದುಕೊಂಡಿದ್ದಳಂತೆ. ಕಾಲೇಜಿಗೆ ಹೊರಟು ನಿಂತ ಮಗಳು, ಹುಟ್ಟಿದಾಗಿನಿಂದ ಇದುವರೆಗೆ ನನ್ನ ದನಿಯನ್ನೇ ಕೇಳಿರಲಿಲ್ಲ.

"ಹೂಂ, ನಾನ" ಎಂದೆ. "ಬಾ, ಕೂಡು."